ಬೋರಿನ ಪಾಯಿಂಟು, ಲ್ಯಾಪ್‌ಟಾಪಿನ ಪಾಯಿಂಟು

ಪ್ರಶ್ನೆ: ನಾನು ಲೋಕೋಪಯೋಗಿ ಇಲಾಖೆಯಲ್ಲಿ ಎಸ್ಟಿಮೇಟ್ ಬರೆಯುತ್ತಲೇ ನಿವೃತ್ತನಾದ ಇಂಜಿನಿಯರ್. ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾಳೆ. ಕೆಲವು ತಿಂಗಳಿಂದ ನಮ್ಮ ಮನೆಯ ಮಾಳಿಗೆ ಮೇಲಿನ ಖೋಲಿಯಲ್ಲೇ ಕೂತು ಕೆಲಸ ಮಾಡುತ್ತಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಲ್ಯಾಪ್‌ಟಾಪಿನಲ್ಲಿ ಹತ್ತು ಜನ ಸೇರುತ್ತಾರೆ. ಒಬ್ಬರು ಕೆಲಸದ ಹೆಸರು ಓದಿದರೆ ಉಳಿದವರು ‘ಮೂರು’, ‘ಐದು’, ‘ಎಂಟು’ ಅನ್ನುತ್ತಾರೆ. ನಾಲ್ಕು, ಆರು, ಏಳು ಅಂದವರನ್ನು ನಾನಂತೂ ಕೇಳಿಲ್ಲ. ‘ಎಂಟು ಅಂದ್ರ ಎಂಟು ದಿನಾ ಏನವ್ವಾ?’ ಎಂದರೆ, ‘ಅಪ್ಪಾ, ಅದು ದಿನ ಅಲ್ಲ, ಪಾಯಿಂಟು’ ಅನ್ನುತ್ತಾಳೆ. ಕನಕಗಿರಿ ತೇರಿಗೆ ಎರಡು ದಿನ ರಜೆ ಹಾಕು ಎಂದರೆ, ‘ಒಂದು ಹದಿಮೂರರ ಕೆಲಸ ಐತಿ, ಅದನ್ನ ಒಡೆದ ಮ್ಯಾಲೆ ಹೇಳ್ತೀನಿ’ ಎಂದಳು. ದಿನವಲ್ಲದ, ಗಂಟೆಯಲ್ಲದ, ರೂಪಾಯಿಯೂ ಅಲ್ಲದ ಈ ಅಂದಾಜು ಎಂಥದ್ದು? ಇದರ ಹಿಂದೆ ಲೆಕ್ಕವಿದೆಯೋ, ಕೆಲಸ ಮುಂದೂಡುವ ಜಾಣತನವೋ?
ನಿವೃತ್ತ ಇಂಜಿನಿಯರ್, ಕುಷ್ಟಗಿ

ಉತ್ತರ: ಹಿರಿಯರೇ, ಲೆಕ್ಕ ಇದೆ. ಕೆಲವು ಕಡೆ ಜಾಣತನವೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಲ್ಯಾಪ್‌ಟಾಪ್ ಬದಿಗಿಟ್ಟು ನಿಮ್ಮೂರ ಹೊಲಕ್ಕೆ ಹೋಗೋಣ. ‘ಪಾಯಿಂಟು’ ಎಂಬ ಮಾತು ಕುಷ್ಟಗಿ, ಯಲಬುರ್ಗಾದ ಕಡೆ ಕಂಪ್ಯೂಟರಿಗಿಂತ ಎಷ್ಟೋ ಮೊದಲೇ ಬಂದದ್ದು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಇಲ್ಲವೇ ಕವಲು ಕಡ್ಡಿ ಹಿಡಿದು ಹೊಲ ತುಂಬ ಓಡಾಡಿ, ಒಂದು ಜಾಗದಲ್ಲಿ ಕಲ್ಲು ನೆಟ್ಟು ‘ಇಲ್ಲಿ ಪಾಯಿಂಟ್ ಐತ್ರಿ’ ಎನ್ನುವವರನ್ನು ನೀವು ನೋಡಿಯೇ ಇರುತ್ತೀರಿ.

ಆ ಮೇಲೆ ಬರುವ ಬೋರ್ ಗಾಡಿಯವನನ್ನು ನೆನೆಸಿಕೊಳ್ಳಿ. ‘ಒಟ್ಟು ಎಷ್ಟಾಗತೈತಿ?’ ಎಂದು ಕೇಳಿದರೆ ಅವನು ಒಟ್ಟು ಮೊತ್ತ ಹೇಳುವುದಿಲ್ಲ. ಅಡಿಗೆ ಇಷ್ಟು, ಮುನ್ನೂರು ಅಡಿ ದಾಟಿದರೆ ದರ ಬೇರೆ, ಅದರ ಕೆಳಗೆ ಇನ್ನೂ ಬೇರೆ, ಕೇಸಿಂಗ್ ಪೈಪು ಪ್ರತ್ಯೇಕ ಎನ್ನುತ್ತಾನೆ. ಎಷ್ಟು ಅಡಿಗೆ ನೀರು ಬಂದೀತು ಎಂದರೆ ಪಕ್ಕದ ಹೊಲದ ಕಡೆ ಕೈ ತೋರಿಸಿ ‘ಅವರಿಗೆ ಎಷ್ಟಕ್ಕ ಬಂದೈತಿ?’ ಎಂದು ನಿಮ್ಮನ್ನೇ ಕೇಳುತ್ತಾನೆ. ಈ ಮನುಷ್ಯನಲ್ಲಿ ಮೂರು ತಿಳಿವಳಿಕೆ ಇವೆ. ತನ್ನ ಗಾಡಿ ದಿನಕ್ಕೆ ಎಷ್ಟು ಕೊರೆಯುತ್ತದೆ ಎಂದು ಅವನಿಗೆ ಗೊತ್ತು. ಆಳಕ್ಕೆ ಹೋದಷ್ಟೂ ಅಡಿಯೊಂದರ ಕಷ್ಟ ಹೆಚ್ಚುತ್ತದೆ ಎಂದೂ ಗೊತ್ತು. ನೀರು ಎಲ್ಲಿದೆ ಎಂಬುದು ತನಗೆ ಗೊತ್ತಿಲ್ಲ ಎಂದೂ ಚೆನ್ನಾಗಿ ಗೊತ್ತು. ಕೊಪ್ಪಳ ಜಿಲ್ಲೆಯ ಕಲ್ಲು ಬಹುಪಾಲು ಗ್ರಾನೈಟ್, ನೈಸ್ ಜಾತಿಯ ಗಟ್ಟಿ ಬಂಡೆ. ನೀರು ಸಿಗುವುದು ಅದರ ಬಿರುಕಿನಲ್ಲಿ. ಬಿರುಕು ಎಲ್ಲಿದೆಯೆಂದು ಮೇಲೆ ನಿಂತವನಿಗೆ ಕಾಣುವುದಿಲ್ಲ. ಹಾಗಾಗಿ ಗೊತ್ತಿರುವುದಕ್ಕೆ ದರ ಹೇಳುತ್ತಾನೆ, ಗೊತ್ತಿಲ್ಲದ್ದಕ್ಕೆ ಬಾಯಿ ಕೊಡುವುದಿಲ್ಲ. ನಿಮ್ಮ ಮಗಳು ಮಾಡುತ್ತಿರುವುದು ಬಹುತೇಕ ಇದನ್ನೇ.

ನಿಮ್ಮ ಇಲಾಖೆಯ ಎಸ್ಟಿಮೇಟು ಬೇರೆ ಜಾತಿಯದು. ಅಲ್ಲಿ ಎಸ್.ಆರ್. ಎಂಬ ದರಪಟ್ಟಿಯ ಪುಸ್ತಕವಿದೆ. ಅಗೆತವೊಂದಕ್ಕೇ ಮೆತ್ತನೆ ಮಣ್ಣು, ಗಟ್ಟಿ ಮಣ್ಣು, ಮೆದು ಕಲ್ಲು, ಮದ್ದು ಹಾಕಿ ಒಡೆಯಬೇಕಾದ ಗಟ್ಟಿ ಕಲ್ಲು ಎಂದು ಬೇರೆಬೇರೆ ದರ. ಅಂದರೆ ತೊಡಕು ಎಷ್ಟಿದೆಯೋ ಅಷ್ಟು ದರ ಎಂಬ ಲೆಕ್ಕ ಆ ಪುಸ್ತಕದೊಳಗೇ ಕೂತಿದೆ. ಗೊತ್ತಿಲ್ಲದ್ದರ ಗತಿ? ಅದಕ್ಕೆ ಕಂಟಿಂಜೆನ್ಸಿ ಎಂದು ಕೊನೆಯ ಸಾಲಿನಲ್ಲಿ ಒಂದಿಷ್ಟು ಶೇಕಡಾ ಸೇರಿಸುತ್ತೀರಿ. ತಳಪಾಯ ತೋಡಿದಾಗ ಬೇರೆಯೇ ಸ್ತರ ಬಂದರೆ ರಿವೈಸ್ಡ್ ಎಸ್ಟಿಮೇಟ್ ಕಳಿಸುತ್ತೀರಿ. ಒಂದು ಕಿಲೋಮೀಟರ್ ರಸ್ತೆಯನ್ನು ನೀವು ನೂರು ಸಲ ಮಾಡಿದ್ದೀರಿ, ನೂರಾಒಂದನೆಯದು ಬಹಳ ಬೇರೆಯಾಗುವುದಿಲ್ಲ. ಸಾಫ್ಟ್‌ವೇರಿನ ಪಾಡು ಹಾಗಲ್ಲ. ಅಲ್ಲಿ ಒಮ್ಮೆ ಮಾಡಿದ ರಸ್ತೆಯನ್ನು ಎರಡನೇ ಸಲ ಮಾಡುವವರೇ ಇಲ್ಲ, ನಕಲು ತೆಗೆದರೆ ಮುಗಿಯಿತು, ಅದೂ ಪುಕ್ಕಟೆ. ಹಾಗಾಗಿ ಮನುಷ್ಯನ ಕೈಗೆ ಉಳಿಯುವುದು ಇದುವರೆಗೆ ಯಾರೂ ಅದೇ ರೀತಿ ಮಾಡಿರದ ಕೆಲಸ. ಅದಕ್ಕೆ ಎಸ್.ಆರ್. ಪುಸ್ತಕ ಬರೆಯುವುದು ಹೇಗೆ? ದರಪಟ್ಟಿ ಇಲ್ಲದ ಊರಿನಲ್ಲಿ ಅಂದಾಜು ಕಟ್ಟುವ ದಾರಿಯೇ ಈ ಪಾಯಿಂಟು.

ಒಂದು ಕೆಲಸ ಎಷ್ಟು ದೊಡ್ಡದು ಎಂಬುದರಲ್ಲಿ ಮೂರು ಸಂಗತಿ ಬೆರೆತಿರುತ್ತವೆ. ಹೊರೆ, ತೊಡಕು, ಮಬ್ಬು ಎಂದು ಕರೆಯೋಣ. ಹೊರೆ ಎಂದರೆ ಬರೀ ಗಾತ್ರ: ಸಾವಿರ ಚೀಲ ಭತ್ತ ಲಾರಿಗೆ ಏರಿಸುವುದು. ತೊಡಕು ಎಂದರೆ ಒಂದಕ್ಕೊಂದು ಸಿಕ್ಕಿಕೊಂಡ ಎಳೆಗಳು: ಒಂದನ್ನು ಎಳೆದರೆ ಇನ್ನೊಂದು ಬಿಗಿಯುತ್ತದೆ, ಆದರೆ ಎಳೆಗಳು ಕಣ್ಣ ಮುಂದೆಯೇ ಇರುತ್ತವೆ. ಮಬ್ಬು ಎಂದರೆ ಎಳೆಗಳೇ ಕಾಣದಿರುವುದು. ಹೊರೆಗೆ ಜನ ಬೇಕು, ತೊಡಕಿಗೆ ಜಾಣರು ಬೇಕು, ಮಬ್ಬಿಗೆ ಮಾತ್ರ ಮೊದಲು ಒಂದು ಲಾಟೀನು ಬೇಕು. ಹೊರಗಿನವರು ಹೊರೆಯೊಂದನ್ನೇ ನೋಡಿ ದಿನ ಎಣಿಸುತ್ತಾರೆ. ಯೋಜನೆಗಳು ಕೈಕೊಡುವುದು ಉಳಿದೆರಡರಲ್ಲಿ, ಅದರಲ್ಲೂ ಕೊನೆಯದರಲ್ಲಿ.

ನಾನೇ ಬೆರಳು ಸುಟ್ಟುಕೊಂಡ ಕತೆ ಕೇಳಿ. ಕೆಲವು ವರ್ಷಗಳ ಹಿಂದೆ ಒಬ್ಬ ಪ್ರಕಾಶಕರು ತಮ್ಮ ಹಳೆಯ ಪುಸ್ತಕಗಳ ಕಡತಗಳನ್ನು ಯೂನಿಕೋಡಿಗೆ ಬದಲಿಸಿಕೊಡಿ ಎಂದರು. ನಾನು ಮೂರು ಕಡತ ತೆರೆದು ನೋಡಿದೆ, ಮೂರೂ ‘ನುಡಿ’ ಎಂಬ ಕನ್ನಡ ಫಾಂಟಿನವು. ನುಡಿಯಿಂದ ಯೂನಿಕೋಡಿಗೆ ಬರುವಾಗ ಇರುವ ದೊಡ್ಡ ತೊಡಕು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ‘ಕರ್ಮ’ ಎಂಬ ಎರಡಕ್ಷರಕ್ಕೂ ಹಿಂದುಮುಂದು ಮಾಡಬೇಕು. ಒತ್ತಕ್ಷರ, ದೀರ್ಘ ಎಲ್ಲಕ್ಕೂ ಇಂಥದೇ ಲೆಕ್ಕ. ತಲೆ ತಿನ್ನುವ ಕೆಲಸ ನಿಜ, ಆದರೆ ನಿಯಮ ಗೊತ್ತಿತ್ತು. ಹದಿನೈದು ದಿನ ಎಂದು ಹೇಳಿಬಂದೆ. ಅರ್ಕಾವತ್ತಿನ ಕೆಲಸ ಮೂರೇ ದಿನಕ್ಕೆ ಮುಗಿಯಿತು. ಹೆಗಲು ತಟ್ಟಿಕೊಂಡು ನಾಲ್ಕನೇ ಕಡತ ತೆರೆದರೆ ಅದು ಬೇರೆ ಫಾಂಟು, ಬೇರೆಯದೇ ಅಕ್ಷರಪಟ್ಟಿ. ಐದನೆಯದು ಮೂರನೆಯ ಫಾಂಟು. ಕೆಲವು ಕಡತಗಳಲ್ಲಿ ಅಧ್ಯಾಯಕ್ಕೊಂದು ಫಾಂಟು, ನಡುನಡುವೆ ಇಂಗ್ಲಿಷ್ ಪದಗಳು, ಅವೂ ಕನ್ನಡವೆಂದು ತಿಳಿದು ನನ್ನ ಪ್ರೋಗ್ರಾಮು ಅವನ್ನೆಲ್ಲ ಭೂತಭಾಷೆ ಮಾಡಿಟ್ಟಿತ್ತು. ಕೆಲಸ ಮುಗಿದದ್ದು ನಾಲ್ಕು ತಿಂಗಳಿಗೆ. ಪ್ರಕಾಶಕರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು.

ತೊಡಕನ್ನು ನಾನು ಸರಿಯಾಗಿಯೇ ತೂಗಿದ್ದೆ. ಮಬ್ಬನ್ನು ತೂಗಲೇ ಇಲ್ಲ. ಮೂರು ಕಡತ ನೋಡಿ ಉಳಿದವೂ ಹೀಗೇ ಎಂದುಕೊಂಡೆ. ಬೋರ್ ಗಾಡಿಯವನಾದರೆ ನಾಲ್ಕು ಕಡೆಯ ಹೊಲ ಕೇಳುತ್ತಿದ್ದ.

ಈಗ ಇನ್ನೊಂದು ಅಂದಾಜಿನ ಕತೆ, ಇದು ನಮ್ಮ ನಾಡಿನದೇ. ನಿಮ್ಮ ಮನೆಯ ಟ್ರಂಕಿನಲ್ಲೂ ಅದರ ಕಾಗದ ಇದ್ದೀತು: ಪಹಣಿ. 1991ರಲ್ಲಿ ಕೇಂದ್ರ ಸರ್ಕಾರದ ಪೂರ್ಣ ನೆರವಿನಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿ ಭೂದಾಖಲೆ ಗಣಕೀಕರಣದ ಪ್ರಯೋಗ ಶುರುವಾಯಿತು. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ತಾಲ್ಲೂಕು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಇಂಥ ಯೋಜನೆ ಮಂಜೂರಾಗಿತ್ತು. ಆದರೂ ಹಳ್ಳಿಯವನ ಕೈಗೆ ಬಂದದ್ದು ಕೈಬರಹದ ಪಹಣಿಯೇ. ಕಾರಣ ಸರಳ. ಕೆಲಸವೆಂದರೆ ಇರುವ ಪಹಣಿಗಳನ್ನು ಟೈಪು ಮಾಡುವುದು ಎಂದು ಅಂದಾಜು ಮಾಡಲಾಗಿತ್ತು. ಪಹಣಿ ಬದಲಾಗುತ್ತಿದ್ದದ್ದು ತಾಲ್ಲೂಕಿನಲ್ಲಿ, ಶ್ಯಾನುಭೋಗರ ಜಾಗಕ್ಕೆ ಬಂದ ಗ್ರಾಮಲೆಕ್ಕಿಗರ ಕೈಯಲ್ಲಿ. ಅಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಆ ಯೋಜನೆಯಲ್ಲಿ ಇರಲಿಲ್ಲ. ಇತ್ತ ಟೈಪಾಗುತ್ತಿದ್ದಂತೆ ಅತ್ತ ಜಮೀನು ಮಾರಾಟವಾಗುತ್ತಿತ್ತು, ಅಪ್ಪ ತೀರಿಕೊಂಡು ಮಕ್ಕಳು ಪಾಲಾಗುತ್ತಿದ್ದರು, ಬ್ಯಾಂಕಿನ ಬೋಜಾ ಏರುತ್ತಿತ್ತು. ಕಂಪ್ಯೂಟರಿನೊಳಗಿನ ಪಹಣಿ ಹುಟ್ಟುತ್ತಲೇ ಹಳತಾಗುತ್ತಿತ್ತು.

ಆಮೇಲೆ ಬಂದದ್ದು ‘ಭೂಮಿ’. ಕಂದಾಯ ಇಲಾಖೆಯಲ್ಲಿದ್ದ ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ ಮುಂದೆ ನಿಂತರು, ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಸುಮಾರು 2 ಕೋಟಿ ಪಹಣಿ, 67 ಲಕ್ಷ ಭೂಮಾಲೀಕರು, ಹತ್ತಿರ ಹತ್ತಿರ 30,000 ಹಳ್ಳಿ, 177 ತಾಲ್ಲೂಕು. ಹೊರೆಯನ್ನು ನೋಡಿದರೆ ಎದೆ ಒಡೆಯಬೇಕು. ಆದರೆ ಹೊರೆಯ ಲೆಕ್ಕವೇ ಸುಲಭ. ಒಬ್ಬ ಆಪರೇಟರ್ ದಿನಕ್ಕೆ 50 ಪಹಣಿ ಹೊಡೆಯುತ್ತಾನೆ ಅನ್ನೋಣ, 2 ಕೋಟಿಗೆ 4 ಲಕ್ಷ ಆಳುದಿನ. ಜನ ಹೆಚ್ಚಿಸಿದರೆ ತಿಂಗಳು ಕಡಿಮೆಯಾಗುತ್ತದೆ. ಸೊಂಟ ನೋಯುತ್ತದೆ, ತಲೆ ನೋಯುವುದಿಲ್ಲ.

ತೊಡಕು ಇದ್ದದ್ದು ಮ್ಯುಟೇಷನ್‌ನಲ್ಲಿ, ಅಂದರೆ ಹಕ್ಕು ಬದಲಾವಣೆಯಲ್ಲಿ. ಕ್ರಯ, ದಾನ, ವಿಭಾಗ, ಪೌತಿ ಒಂದೊಂದಕ್ಕೂ ಬೇರೆ ದಾರಿ. ಅರ್ಜಿ, ನೋಟಿಸು, ತಕರಾರಿಗೆ ಕಾಲಾವಕಾಶ, ಕಂದಾಯ ನಿರೀಕ್ಷಕರ ಆದೇಶ, ತಕರಾರು ಬಂದರೆ ತಹಶೀಲ್ದಾರರ ಮೇಜು. ಇದನ್ನೆಲ್ಲ ಕಾನೂನು ಮೊದಲೇ ಬರೆದಿಟ್ಟಿದೆ. ಕೂತು ಬಿಡಿಸಿದರೆ ಬಿಡಿಸಲಾಗದ್ದಲ್ಲ. ಮೊದಲು ಬಂದ ಅರ್ಜಿಗೆ ಮೊದಲು ಆದೇಶ ಎಂದು ಸಾಲನ್ನೇ ಯಂತ್ರದೊಳಗೆ ಕಟ್ಟಿ, ಸಿಬ್ಬಂದಿ ಬೆರಳೊತ್ತಿಯೇ ಒಳಗೆ ಬರಬೇಕೆಂದು ಮಾಡಿದ್ದು ಆ ಕಾಲಕ್ಕೆ ದೊಡ್ಡ ಜಾಣತನ.

ಮಬ್ಬು ಎಲ್ಲಿತ್ತು ಗೊತ್ತೇ? ಕಾಲಂ 3 ಮತ್ತು ಕಾಲಂ 9ರ ನಡುವೆ. ಪಹಣಿ ಕೈಯಲ್ಲಿ ಹಿಡಿದು ನೋಡಿ. ಮೂರನೇ ಕಾಲಂ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಹೇಳುತ್ತದೆ, ಒಂಬತ್ತನೆಯದು ಯಾರ ಹೆಸರಿಗೆ ಎಷ್ಟು ಎಕರೆ ಎಷ್ಟು ಗುಂಟೆ ಎಂದು. ಒಂಬತ್ತನ್ನು ಕೂಡಿದರೆ ಮೂರು ಬರಬೇಕು. ಕಾಗದದ ಮೇಲೆ ಯಾರೂ ಕೂಡಿ ನೋಡಿರಲಿಲ್ಲ. ಕೈಬರಹದ ಪುಸ್ತಕ ಹದಿನಾರು ಎಕರೆಯ ಹೊಲದಲ್ಲಿ ಹದಿನೇಳು ಎಕರೆಯ ಮಾಲೀಕರನ್ನು ತಣ್ಣಗೆ ಇಟ್ಟುಕೊಳ್ಳುತ್ತದೆ. ಕಂಪ್ಯೂಟರ್ ತಣ್ಣಗಿರುವುದಿಲ್ಲ, ತಪ್ಪನ್ನು ಎತ್ತಿ ತೋರಿಸುತ್ತದೆ. ನಿಮ್ಮ ಸೀಮೆಯಲ್ಲಂತೂ ಇನ್ನೊಂದು ಪದರವಿದೆ: ನಿಜಾಮರ ಕಾಲದ ದಾಖಲೆ, ಕೊಪ್ಪಳವಾದರೆ ಸಾಲಾರ್ ಜಂಗ್ ಜಹಗೀರಿ, ಉರ್ದುವಿನಲ್ಲಿ ಬರೆದ ಹಾಳೆಗಳು, 1950ರ ದಶಕದ ಖಾಸರಾ ಪಹಣಿ. ಒಂದು ತಾಳೆಯಾಗದ ಪಹಣಿಯ ಮೂಲ ಹುಡುಕಲು ಹೊರಟರೆ ಒಂದು ಗಂಟೆಯೂ ಆಗಬಹುದು, ಕೋರ್ಟು ಹತ್ತಿ ಮೂವತ್ತು ವರ್ಷವೂ ಆಗಬಹುದು. ಇದಕ್ಕೆ ಯಾವ ಅಂದಾಜು ಬರೆಯುತ್ತೀರಿ?

‘ಭೂಮಿ’ಯವರು ಮಾಡಿದ್ದು ನೋಡಿ. ಮೊದಲು ಕೆಲವೇ ತಾಲ್ಲೂಕಿನಲ್ಲಿ ಇಳಿದು ನೋಡಿದರು, ಎಡವಿದ್ದನ್ನು ತಿದ್ದಿಕೊಂಡು ಆಮೇಲೆ ನಾಡಿಗೆಲ್ಲ ಹರಡಿದರು. ಮಬ್ಬು ಪೂರ್ತಿ ತಿಳಿಯಾಗುವವರೆಗೆ ಕಾಯಲೂ ಇಲ್ಲ. ತಪ್ಪಿದ್ದ ಪಹಣಿಯನ್ನು ಇದ್ದ ಹಾಗೇ ಒಳಗೆ ತಂದು, ತಿದ್ದುವುದನ್ನು ಬೇರೆ ಕೆಲಸವೆಂದು ಪಕ್ಕಕ್ಕಿಟ್ಟರು. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳ ಕಿಟಕಿಯಲ್ಲಿ ಅಚ್ಚಾದ ಪಹಣಿ ಸಿಗುತ್ತಿತ್ತು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಪಕ್ಕಕ್ಕಿಟ್ಟದ್ದರ ಬಾಕಿ ಮಾತ್ರ ತೀರಲಿಲ್ಲ. ‘ಕಾಲಂ 3 ಮತ್ತು 9ರ ತಿದ್ದುಪಡಿ’ ಎಂಬ ಅರ್ಜಿ ಹಿಡಿದವರು ಕಂದಾಯ ಅದಾಲತ್ತುಗಳಲ್ಲಿ ಎಷ್ಟೋ ವರ್ಷ ಸಾಲು ನಿಂತರು. ನನಗೆ ಆ ನಿರ್ಧಾರ ತಪ್ಪೆನ್ನಿಸುವುದಿಲ್ಲ. ಮೊದಲು ಎಲ್ಲ ತಿದ್ದೋಣ ಎಂದಿದ್ದರೆ ಅಚ್ಚಾದ ಪಹಣಿ ಇಂದಿಗೂ ಬರುತ್ತಿರಲಿಲ್ಲ. ಆದರೆ ಬಾಕಿ ಇಷ್ಟಿದೆ ಎಂದು ರೈತರಿಗೆ ಮೊದಲೇ ಹೇಳಬಹುದಿತ್ತು.

ಸರಿ, ಮಾಳಿಗೆ ಮೇಲಿನ ಖೋಲಿಗೆ ಬರೋಣ. ಆ ಹತ್ತು ಜನ ಮೊದಲು ಎಲ್ಲರಿಗೂ ಚೆನ್ನಾಗಿ ಗೊತ್ತಿರುವ ಒಂದು ಸಣ್ಣ ಕೆಲಸವನ್ನು ಆರಿಸಿಕೊಂಡು ಅದಕ್ಕೆ ‘ಎರಡು’ ಎಂದು ಹೆಸರಿಟ್ಟಿರುತ್ತಾರೆ. ಲಾಗಿನ್ ಪುಟದಲ್ಲಿ ಒಂದು ಗುಂಡಿ ಸೇರಿಸುವಂಥದ್ದು ಅನ್ನಿ. ಹೊಸ ಕೆಲಸ ಬಂದಾಗ ಕೇಳುವ ಪ್ರಶ್ನೆ ‘ಎಷ್ಟು ದಿನ?’ ಅಲ್ಲ. ‘ಆ ಎರಡಕ್ಕೆ ಹೋಲಿಸಿದರೆ ಇದರ ಹೊರೆ, ತೊಡಕು, ಮಬ್ಬು ಒಟ್ಟು ಎಷ್ಟು ಪಟ್ಟು?’ ಎಂದು. ಮನುಷ್ಯನಿಗೆ ತೂಕ ಹೇಳಲು ಬರುವುದಿಲ್ಲ, ಹೋಲಿಸಲು ಬರುತ್ತದೆ. ಗಂಗಾವತಿಯ ಅಕ್ಕಿ ಗಿರಣಿ ಮುಂದೆ ಭತ್ತದ ರಾಶಿ ತೋರಿಸಿ ಕ್ವಿಂಟಾಲ್ ಕೇಳಿದರೆ ನಮ್ಮಂಥವರು ತಡವರಿಸುತ್ತೇವೆ. ಎರಡು ರಾಶಿ ತೋರಿಸಿ ಯಾವುದು ದೊಡ್ಡದು ಎಂದರೆ ಚಿಕ್ಕ ಮಗುವೂ ಹೇಳುತ್ತದೆ.

ನಾಲ್ಕು, ಆರು, ಏಳು ಯಾಕಿಲ್ಲ ಎಂದಿರಲ್ಲ, ಅದು ಚೆಂದದ ಪ್ರಶ್ನೆ. ಒಂದು ಚೀಲಕ್ಕೂ ಎರಡು ಚೀಲಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಗಾಡಿಯಲ್ಲಿ ನಲವತ್ತು ಚೀಲ ಇದೆಯೋ ನಲವತ್ತೊಂದೋ ಎಂಬುದು ಕಾಣುವುದಿಲ್ಲ. ಅಂದಾಜು ದೊಡ್ಡದಾದಷ್ಟೂ ಅದರೊಳಗಿನ ತಪ್ಪೂ ದೊಡ್ಡದು. ಆದ್ದರಿಂದ ಅಂಕಿಗಳ ನಡುವಿನ ಅಂತರವನ್ನೂ ಬೇಕೆಂದೇ ಹಿಗ್ಗಿಸಿದ್ದಾರೆ: 1, 2, 3, 5, 8, 13. ಹಿಂದಿನೆರಡನ್ನು ಕೂಡಿದರೆ ಮುಂದಿನದು. ಸಾಫ್ಟ್‌ವೇರಿನವರು ಇದನ್ನು ಫಿಬೊನಾಚಿ ಸರಣಿ ಎನ್ನುತ್ತಾರೆ, 1202ರಲ್ಲಿ ಪುಸ್ತಕ ಬರೆದ ಇಟಲಿಯವನ ಹೆಸರು. ನೀವು ಶಾಲೆಯಲ್ಲಿ ಅದನ್ನು ಬೇರೆ ವೇಷದಲ್ಲಿ ಕಂಡಿದ್ದೀರಿ. ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ ಎಂದು ಕನ್ನಡ ಮೇಷ್ಟ್ರು ಪ್ರಸ್ತಾರ ಹಾಕಿಸಿದ್ದು ನೆನಪಿದೆಯೇ? ಮೂರು ಮಾತ್ರೆಯ ಗಣವನ್ನು ಲಘು-ಗುರುಗಳಿಂದ ಮೂರು ಬಗೆಯಲ್ಲಿ ಕಟ್ಟಬಹುದು, ನಾಲ್ಕು ಮಾತ್ರೆಯದನ್ನು ಐದು ಬಗೆ, ವಾರ್ಧಕ ಷಟ್ಪದಿಯಲ್ಲಿ ಬರುವ ಐದು ಮಾತ್ರೆಯ ಗಣವನ್ನು ಎಂಟು ಬಗೆ, ಆರರದನ್ನು ಹದಿಮೂರು ಬಗೆ. ಅದೇ ಸರಣಿ. ವಿರಹಾಂಕ, ಹೇಮಚಂದ್ರರಂಥ ನಮ್ಮ ಛಂದಸ್ಸಿನ ಪಂಡಿತರು ಇಟಲಿಯವನಿಗಿಂತ ಮೊದಲೇ ಇದನ್ನು ಬರೆದಿಟ್ಟಿದ್ದರು. ಮಗಳ ಮೀಟಿಂಗಿನಲ್ಲಿ ಇದನ್ನು ಹೇಳಿದರೆ ನಿಮಗೆ ಒಂದು ಚಹಾ ಹೆಚ್ಚು ಸಿಕ್ಕೀತು.

ಅಂಕಿಯನ್ನು ಎಲ್ಲರೂ ಒಟ್ಟಿಗೇ ತೋರಿಸುತ್ತಾರೆ, ಗಮನಿಸಿದ್ದೀರಾ? 2002ರಲ್ಲಿ ಜೇಮ್ಸ್ ಗ್ರೆನಿಂಗ್ ಎಂಬ ಅಮೆರಿಕದ ತಂತ್ರಜ್ಞ ಇದನ್ನು ಇಸ್ಪೀಟಿನ ಆಟದಂತೆ ಮಾಡಿದ. ಎಲ್ಲರ ಕೈಯಲ್ಲೂ ಅಂಕಿಯ ಎಲೆ, ಒಂದೇ ಸಲ ತಿರುಗಿಸಬೇಕು. ಕಾರಣ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ಮೊದಲು ಗೌಡರು ಬಾಯಿ ಬಿಟ್ಟರೆ ಆಮೇಲೆ ಬರುವುದೆಲ್ಲ ‘ಹೌದ್ರಿ’. ಹಿರಿಯ ಇಂಜಿನಿಯರ್ ಮೂರು ಎಂದ ಮೇಲೆ ಮೊನ್ನೆ ಸೇರಿದ ಹುಡುಗಿ ಹದಿಮೂರು ಅನ್ನುತ್ತಾಳೆಯೇ? ಎಲೆ ಒಟ್ಟಿಗೆ ತಿರುಗಿದಾಗ ಒಬ್ಬನದು ಮೂರು, ಇನ್ನೊಬ್ಬಳದು ಹದಿಮೂರು ಬಂದರೆ ಅಲ್ಲಿ ಸರಾಸರಿ ತೆಗೆಯಬಾರದು. ಅವಳಿಗೆ ಏನೋ ಕಂಡಿದೆ, ಅವನಿಗೆ ಕಂಡಿಲ್ಲ. ಅಥವಾ ಅವನಿಗೆ ಒಂದು ಒಳದಾರಿ ಗೊತ್ತು, ಅವಳಿಗೆ ಗೊತ್ತಿಲ್ಲ. ಆಗ ನಡೆಯುವ ಹತ್ತು ನಿಮಿಷದ ವಾದವೇ ಈ ಇಡೀ ಕಸರತ್ತಿನ ಫಲ. ಅಂಕಿ ನೆಪ ಮಾತ್ರ ಎನ್ನುವಷ್ಟು ದೂರ ನಾನು ಹೋಗುತ್ತೇನೆ.

ಹಾಗಾದರೆ ದಿನ? ದಿನ ಬರುವುದು ದಿನಚರಿಯಿಂದ, ಊಹೆಯಿಂದಲ್ಲ. ಕಳೆದ ಮೂರು ಹದಿನೈದು ದಿನಗಳಲ್ಲಿ ತಂಡ 28, 33, 26 ಪಾಯಿಂಟು ಮುಗಿಸಿದೆ ಅನ್ನೋಣ. ಮುಂದಿನ ಹದಿನೈದು ದಿನಕ್ಕೆ ಮೂವತ್ತರ ಒಳಗೆ ಹೊರಬಹುದು. ಕೈಯಲ್ಲಿ 120 ಪಾಯಿಂಟಿನ ಕೆಲಸವಿದ್ದರೆ ಎರಡು ತಿಂಗಳ ಮೇಲೆ. ಗಾಡಿ ದಿನಕ್ಕೆ ಎಷ್ಟು ಅಡಿ ಕೊರೆಯಿತು ಎಂಬುದು ಹಿಂದಿನ ಪುಸ್ತಕದಲ್ಲಿದೆ, ನೋಡಿ ಹೇಳುವುದು. ನಿಮ್ಮ ಎಂ.ಬಿ., ಅಂದರೆ ಅಳತೆ ಪುಸ್ತಕ, ಮಾಡುತ್ತಿದ್ದ ಕೆಲಸವೂ ಅದೇ ಅಲ್ಲವೇ, ಆಗಿದ್ದನ್ನು ಅಳೆಯುವುದು?

ಆಗಿದ್ದನ್ನು ಅಳೆಯದೆ ಮನಸ್ಸನ್ನು ಕೇಳಿದರೆ ಅದು ಸುಳ್ಳು ಹೇಳುತ್ತದೆ. ಇದಕ್ಕೆ ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ‘ಯೋಜನಾ ಭ್ರಮೆ’ ಎಂಬರ್ಥದ ಹೆಸರಿಟ್ಟರು. ಕಾನೆಮನ್ ತಮ್ಮದೇ ಕತೆ ಬರೆದಿದ್ದಾರೆ: ಇಸ್ರೇಲಿನಲ್ಲಿ ಪಠ್ಯಪುಸ್ತಕವೊಂದರ ಸಮಿತಿ, ಎಲ್ಲರ ಅಂದಾಜು ಎರಡು ವರ್ಷದ ಆಸುಪಾಸು. ಸಮಿತಿಯಲ್ಲಿದ್ದ ಅನುಭವಿಯೊಬ್ಬರನ್ನು ‘ಇಂಥ ಬೇರೆ ಸಮಿತಿಗಳಿಗೆ ಎಷ್ಟಾಗಿತ್ತು?’ ಎಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಏಳು ವರ್ಷಕ್ಕೆ ಕಡಿಮೆ ಯಾರೂ ಮುಗಿಸಿಲ್ಲ ಎಂಬರ್ಥದಲ್ಲಿ ಹೇಳಿದರು. ತಮಾಷೆಯೆಂದರೆ ಅವರೂ ಮೊದಲು ಎರಡರ ಸುತ್ತಮುತ್ತಲೇ ಅಂದಾಜು ಬರೆದಿದ್ದರು. ಪುಸ್ತಕ ಮುಗಿದದ್ದು ಎಂಟು ವರ್ಷಕ್ಕೆ. ಪಕ್ಕದ ಹೊಲದ ಬೋರು ಎಷ್ಟು ಅಡಿ ಎಂಬ ಪ್ರಶ್ನೆಯನ್ನು ವಿದ್ವಾಂಸರು ಕೇಳಲು ಮರೆತಿದ್ದರು.

ಇನ್ನು ಮಗಳು ಹೇಳಿದ ಹದಿಮೂರರ ಸಂಗತಿ. ಸಣ್ಣ ಅಂಕಿಗಳು ಅಳತೆಯಾದರೆ, ಹದಿಮೂರು ಮತ್ತು ಅದರ ಮೇಲಿನವು ಬಹುಮಟ್ಟಿಗೆ ‘ನಮಗಿದು ಸರಿಯಾಗಿ ಗೊತ್ತಿಲ್ಲ’ ಎಂಬ ತಪ್ಪೊಪ್ಪಿಗೆ. ಅದನ್ನು ಒಡೆಯಬೇಕು. ಒಡೆಯಲೂ ಬರದಷ್ಟು ಮಬ್ಬಿದ್ದರೆ ಮೊದಲು ಎರಡು ದಿನ ಬರೀ ಹುಡುಕಾಟಕ್ಕೆ ಕೊಡುತ್ತಾರೆ. ಆ ಎರಡು ದಿನದ ಕೊನೆಗೆ ಪ್ರೋಗ್ರಾಮು ಬರಬೇಕಿಲ್ಲ, ಅಂದಾಜು ಮಾಡಬಲ್ಲಷ್ಟು ತಿಳಿವಳಿಕೆ ಬಂದರೆ ಸಾಕು. ನಾನು ಆ ಪ್ರಕಾಶಕರಿಗೆ ಹದಿನೈದು ದಿನ ಎನ್ನುವ ಮೊದಲು ಎರಡು ದಿನ ಕೇಳಿ ಎಲ್ಲ ಕಡತಗಳ ಫಾಂಟು ಎಣಿಸಬೇಕಿತ್ತು.

ಇಂಥ ಹುಡುಕಾಟವನ್ನು ನೀವು ಹತ್ತಿರದಲ್ಲೇ ಕಂಡಿದ್ದೀರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟು ಕೂರಿಸುವುದು ಗೊತ್ತಿರುವ ಕೆಲಸ. ಹರಿಯುವ ನೀರಿನಲ್ಲಿ ಕೂರಿಸುವುದು ಯಾರಿಗೆ ಗೊತ್ತಿತ್ತು? ಮೊದಲು ಕೇಳಿಬಂದದ್ದು, ಸುಮಾರು 60 ಟಿಎಂಸಿ ನೀರು ಹೊರಗೆ ಬಿಟ್ಟು ಮಟ್ಟ ಇಳಿದ ಮೇಲಷ್ಟೇ ಕೆಲಸ ಎಂಬ ಮಾತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಸಲಹೆಯಂತೆ ನೀರು ತಡೆಯುವ ಸ್ಟಾಪ್‌ಲಾಗ್ ತುಂಡುಗಳನ್ನು ಹರಿವಿನಲ್ಲೇ ಇಳಿಸಲು ನೋಡಿದರು. ಮೊದಲ ತುಂಡು ಕೂರುವವರೆಗೆ ಯಾರೂ ದಿನ ಹೇಳುವಂತಿರಲಿಲ್ಲ. ಅದು ಕೂತ ಮೇಲೆ ಉಳಿದವು ಬೇಗ ಕೂತವು, ವಾರದೊಳಗೆ ನೀರು ನಿಂತಿತು. ಮೊದಲ ತುಂಡು ಹುಡುಕಾಟ, ಉಳಿದವು ಕೆಲಸ.

ಜಾಣತನದ ಮಾತು ಬಾಕಿಯಿತ್ತು. ಈ ಪಾಯಿಂಟಿನ ಹುಟ್ಟೇ ಒಂದು ಮುಜುಗರದಲ್ಲಿದೆ. 1990ರ ದಶಕದಲ್ಲಿ ಅಮೆರಿಕದ ಕ್ರೈಸ್ಲರ್ ಕಾರು ಕಂಪನಿಯ ಸಂಬಳಪಟ್ಟಿ ತಂತ್ರಾಂಶ ಬರೆಯುತ್ತಿದ್ದ ತಂಡ ‘ಅಡ್ಡಿಯಿಲ್ಲದ ದಿನ’ಗಳ ಲೆಕ್ಕದಲ್ಲಿ ಅಂದಾಜು ಹೇಳುತ್ತಿತ್ತು. ಅಂಥ ಒಂದು ದಿನದ ಕೆಲಸಕ್ಕೆ ನಿಜವಾಗಿ ಮೂರು ದಿನ ಹಿಡಿಯುತ್ತಿತ್ತು, ಮೀಟಿಂಗು, ಫೋನು, ಹಳೆಯ ತಪ್ಪು ತಿದ್ದುವುದು ಎಲ್ಲ ಸೇರಿ. ‘ಒಂದು ದಿನದ್ದಕ್ಕೆ ಮೂರು ದಿನ ಯಾಕೆ?’ ಎಂದು ಮೇಲಿನವರು ದಿನವೂ ಕೇಳತೊಡಗಿದಾಗ ಇವರು ‘ದಿನ’ ಎಂಬ ಮಾತನ್ನೇ ಕೈಬಿಟ್ಟು ‘ಪಾಯಿಂಟು’ ಎಂದರು. ಆ ತಂಡದಲ್ಲಿದ್ದ ರಾನ್ ಜೆಫ್ರೀಸ್ ಆಮೇಲೆ, ಬಹುಶಃ ಇದನ್ನು ಹುಟ್ಟುಹಾಕಿದವನು ನಾನೇ ಇರಬೇಕು, ಈಗ ಪಶ್ಚಾತ್ತಾಪವಾಗುತ್ತಿದೆ ಎಂಬ ಅರ್ಥದಲ್ಲಿ ಬರೆದರು. ಯಾಕೆಂದರೆ ಕಂಪನಿಗಳು ಪಾಯಿಂಟನ್ನು ಮತ್ತೆ ದಿನಕ್ಕೆ ತಿರುಗಿಸಿದವು, ಈ ತಂಡ 40, ಆ ತಂಡ 25 ಎಂದು ಹೋಲಿಸಿದವು. ಹೋಲಿಸಿದ ಮರುತಿಂಗಳೇ ಎರಡರ ಕೆಲಸ ಐದಾಗುತ್ತದೆ, ಐದರದು ಎಂಟಾಗುತ್ತದೆ. ಕೆಲಸ ಅಷ್ಟೇ, ಅಂಕಿ ಉಬ್ಬುತ್ತದೆ. ಎಂ.ಬಿ.ಯಲ್ಲಿ ಅಳತೆ ಉಬ್ಬುವುದನ್ನು ನೀವು ಕೇಳಿರದೆ ಇರಲಾರಿರಿ.

ನನ್ನ ತಕರಾರು ಇನ್ನೊಂದಿದೆ. ತೊಡಕನ್ನೂ ಮಬ್ಬನ್ನೂ ಒಂದೇ ಅಂಕಿಯಲ್ಲಿ ಕಲಸಿಬಿಡುವುದು ಸರಿಯಲ್ಲ. ಎಂಟು ಎಂದರೆ ‘ಕಷ್ಟ, ಆದರೆ ದಾರಿ ಗೊತ್ತು’ ಎಂದೋ, ‘ಸುಲಭವಿದ್ದರೂ ಇರಬಹುದು, ಗೊತ್ತಿಲ್ಲ’ ಎಂದೋ? ಎರಡಕ್ಕೂ ಮಾಡಬೇಕಾದ್ದು ಬೇರೆ. ಮೊದಲನೆಯದನ್ನು ಅನುಭವಿಗೆ ಕೊಡಬೇಕು, ಎರಡನೆಯದನ್ನು ಇಂದೇ ಕೆದಕಿ ನೋಡಬೇಕು. 1958ರ ಸುಮಾರಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಕಟ್ಟಿದ ಪರ್ಟ್ ಎಂಬ ಹಳೆಯ ಲೆಕ್ಕ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಎಲ್ಲ ಸರಿಹೋದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು ಎಂದು ಮೂರು ಅಂಕಿ ಕೇಳುತ್ತದೆ. 2, 4, 18 ಎಂದರೆ ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ ಆರರಿಂದ ಭಾಗಿಸಿದರೆ 6. ಆ ಆರಕ್ಕಿಂತ ಎರಡಕ್ಕೂ ಹದಿನೆಂಟಕ್ಕೂ ಇರುವ ಅಂತರವೇ ನನಗೆ ಮುಖ್ಯವೆನಿಸುತ್ತದೆ. ಮಬ್ಬಿನ ಅಳತೆ ಅಲ್ಲಿದೆ.

ಇನ್ನು ಕನಕಗಿರಿಯ ತೇರು. ತೇರಿನ ದಿನವನ್ನು ಪಂಚಾಂಗ ಹೇಳುತ್ತದೆ, ಅದು ಯಾರ ಪಾಯಿಂಟಿಗೂ ಜಗ್ಗುವುದಿಲ್ಲ. ದಿನ ಗಟ್ಟಿಯಾಗಿದ್ದಾಗ ಕೆಲಸವನ್ನೇ ಕತ್ತರಿಸಬೇಕು: ಯಾವುದು ಬೇಕೇಬೇಕು, ಯಾವುದು ತೇರು ಎಳೆದ ಮೇಲೂ ನಡೆಯುತ್ತದೆ ಎಂದು. ಆದ್ದರಿಂದ ಮಗಳನ್ನು ‘ಎಷ್ಟು ದಿನ ಆಗತೈತಿ?’ ಎಂದು ಕೇಳಬೇಡಿ. ‘ಆ ಹದಿಮೂರರಾಗ ನಿನಗ ಗೊತ್ತಿಲ್ಲದ್ದು ಏನೈತವ್ವಾ?’ ಎಂದು ಕೇಳಿ. ಅವಳು ಗೊತ್ತಿಲ್ಲದ್ದನ್ನು ಒಂದೆರಡು ಮಾತಿನಲ್ಲಿ ಹೇಳಿದರೆ, ಹದಿಮೂರು ಆಗಲೇ ಐದು, ಐದು, ಮೂರಾಗಿ ಒಡೆದಿದೆ ಎಂದು ತಿಳಿಯಿರಿ, ತೇರಿಗೆ ಇಬ್ಬರೂ ಹೋಗಬಹುದು. ‘ಅದೇ ಗೊತ್ತಾಗವಲ್ದು ಅಪ್ಪಾ’ ಎಂದರೆ ಈ ಸಲ ನೀವೊಬ್ಬರೇ ಬಸ್ಸು ಹತ್ತಿ, ಅವಳಿಗೆ ಪ್ರಸಾದ ತನ್ನಿ.